ಆಟದ ಮನೆಗೆ ಬೀಗ ಬಿದ್ದ ಕಾಲ

ನಮ್ಮೂರಿನ ಆಟದ ಮನೆಯನ್ನು ದುರಸ್ತಿಗೆಂದು ಮುಚ್ಚಿದ ಮರುದಿನದಿಂದ ಊರಿನಲ್ಲಿ ಯಾರೂ ಗೆಲ್ಲಲಿಲ್ಲ, ಯಾರೂ ಸೋಲಲೂ ಇಲ್ಲ.

ಆಟದ ಮನೆ ಎಂದರೆ ಕೋಟೆ ಬಾಗಿಲಿನ ಒಳಗಿರುವ ಕಲ್ಲಿನ ಕಟ್ಟಡ. ಬಾಗಿಲ ಮೇಲೆ ‘ಕ್ರೀಡಾ ಇತಿಹಾಸ ಸಂಗ್ರಹಾಲಯ’ ಎಂದು ಬರೆದ ಹಲಗೆಯಿದ್ದರೂ ಆ ಹೆಸರನ್ನು ಯಾರೂ ಬಾಯಲ್ಲಿ ಆಡಿದವರಲ್ಲ. ಒಳಗೆ ಹಳೆಯ ಪೈಲ್ವಾನರ ಗದೆಗಳು, ಊರಿನ ಮೊದಲ ಕಬಡ್ಡಿ ತಂಡದ ಚಡ್ಡಿ ಬನಿಯನ್ನುಗಳು, ಹಿಡಿ ಸವೆದ ಹಾಕಿ ಕೋಲುಗಳು, ಸತ್ತುಹೋದ ರೆಫ್ರಿಗಳ ಸೀಟಿಗಳು, ಉಣ್ಣೆಯ ಚೆಂಡುಗಳು. ಮಳೆಗಾಲದಲ್ಲಿ ಸೂರು ಸೋರಿ ಗದೆಗಳಿಗೆ ಬೂಷ್ಟು ಹಿಡಿಯತೊಡಗಿದಾಗ ಸಮಿತಿಯವರು ಸಾಮಾನುಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ, ಹಂಚು ಇಳಿಸಿ, ತಾಡಪತ್ರಿ ಹೊದಿಸಿ, ಬೀಗ ಹಾಕಿದರು. ‘ಆರು ತಿಂಗಳಲ್ಲಿ ತೆರೆಯಲಾಗುವುದು’ ಎಂಬ ಚೀಟಿ ಅಂಟಿಸಿದರು. ಚೀಟಿ ಬಿಸಿಲಿಗೆ ಬೆಳ್ಳಗಾಯಿತು. ನಮ್ಮ ಶಾಲೆಯಲ್ಲಿ ಆ ವರ್ಷ ಸೇರಿದ ಹುಡುಗಿಯರು ಹತ್ತನೆಯ ತರಗತಿ ಮುಗಿಸಿ ಹೋದರು. ಬೀಗ ಮಾತ್ರ ಹಾಗೇ ಇತ್ತು.

ಮೊದಮೊದಲು ಜನ ಒಪ್ಪಲಿಲ್ಲ. ಕಬಡ್ಡಿ ಸಮವಾದರೆ ಇನ್ನೊಂದು ಸುತ್ತು ಆಡಿಸಿದರು, ಅದೂ ಸಮವಾದರೆ ಮತ್ತೊಂದು. ಆಟಗಾರರು ಮಣ್ಣಿನ ಮೇಲೆ ಬಿದ್ದು ನೀರು ಕೇಳುವವರೆಗೂ ಆಡಿಸಿದರು. ಕುಸ್ತಿಯಲ್ಲಿ ಒಬ್ಬರ ಬೆನ್ನೂ ಮಣ್ಣಿಗೆ ಹತ್ತಲಿಲ್ಲ. ಕೇರಂ ಆಡಲು ಕೂತವರು ರಾಣಿಯನ್ನು ಎಲ್ಲಿ ಹೊಡೆದರೂ ಕೊನೆಗೆ ಲೆಕ್ಕ ಸರಿಸಮ. ಆಮೇಲೆ ಊರು ಹೊಂದಿಕೊಂಡಿತು. ಪಂದ್ಯ ಮುಗಿದ ಮೇಲೆ ಓಣಿ ಓಣಿಗೆ ಬಡಿದಾಡುವುದು ನಿಂತಿತು. ಜಿಲೇಬಿ ಅಂಗಡಿಯ ಮಾಣಿಕಸಾ ಅವರಿಗಂತೂ ಹಬ್ಬ. ಮೊದಲು ಗೆದ್ದವರಷ್ಟೇ ಜಿಲೇಬಿ ಕೊಳ್ಳುತ್ತಿದ್ದರು, ಈಗ ಎರಡೂ ಕಡೆಯವರು ಕೊಳ್ಳುತ್ತಿದ್ದರು. ‘ಸಮ ಸಮ!’ ಎಂದು ಚಪ್ಪಾಳೆ ಹೊಡೆದು ಎಲ್ಲರೂ ನಗುತ್ತಾ ಮನೆಗೆ ಹೋಗುತ್ತಿದ್ದರು.

ನಾನೊಬ್ಬಳು ನಗಲಿಲ್ಲ.

ನನ್ನ ಹೆಸರು ಚಂಪಾವತಿ. ಹೆಣ್ಣುಮಕ್ಕಳ ಶಾಲೆಯಲ್ಲಿ ಆಟ ಕಲಿಸುವ ಟೀಚರು. ನಮ್ಮೂರಿನಲ್ಲಿ ವರ್ಷಕ್ಕೊಮ್ಮೆ ಕಂದಕದ ಓಟ ನಡೆಯುತ್ತದೆ. ಕೋಟೆಯ ಸುತ್ತಲಿನ ಒಣ ಕಂದಕದಲ್ಲಿ ಇಳಿದು, ಪೂರ್ತಿ ಒಂದು ಸುತ್ತು ಹಾಕಿ, ಆಟದ ಮನೆಯ ಮುಂದೆ ಹಗ್ಗ ಮುಟ್ಟಬೇಕು. ನಾನು ಲಂಗದ ವಯಸ್ಸಿನಿಂದ ಆ ಓಟ ಓಡುತ್ತಿದ್ದೆ. ನನ್ನ ಮುಂದೆ ಯಾವಾಗಲೂ ಜೈಬುನ್ನಿಸಾ ಓಡುತ್ತಿದ್ದಳು. ಶಾಲೆಯಲ್ಲಿ ನನ್ನದೇ ಬೆಂಚಿನವಳು. ಅವಳ ಎರಡು ಜಡೆ ಬೆನ್ನ ಮೇಲೆ ಕುಣಿಯುವುದನ್ನು ನೋಡುತ್ತಲೇ ನಾನು ದೊಡ್ಡವಳಾದೆ. ಜಡೆ ಹೋಗಿ ತುರುಬು ಬಂತು, ನೋಟ ಬದಲಾಗಲಿಲ್ಲ. ಆದರೂ ವರ್ಷ ವರ್ಷಕ್ಕೆ ಆ ಬೆನ್ನು ಹತ್ತಿರ ಬರುತ್ತಿತ್ತು. ಆಟದ ಮನೆ ಮುಚ್ಚುವ ಹಿಂದಿನ ವರ್ಷ ಕೈ ಚಾಚಿದ್ದರೆ ಮುಟ್ಟುವಷ್ಟು ಹತ್ತಿರ ಬಂದಿತ್ತು. ಮುಂದಿನ ಸಲ ದಾಟುತ್ತೇನೆ ಎಂದು ನನಗೆ ಖಾತ್ರಿಯಿತ್ತು.

ಮುಂದಿನ ಸಲ ಇಬ್ಬರ ಎದೆಯೂ ಒಟ್ಟಿಗೇ ಹಗ್ಗ ಮುಟ್ಟಿತು. ಅದರ ಮುಂದಿನ ಸಲವೂ. ಒಂದು ವರ್ಷ ಬೇಕೆಂದೇ ಅರ್ಧ ದಾರಿಯಲ್ಲಿ ನಿಂತು ಬೂಟಿನ ದಾರ ಬಿಚ್ಚಿ ಕಟ್ಟಿದೆ, ಸೋಲಾದರೂ ಸಿಗಲಿ ಎಂದು. ಅದೇ ಹೊತ್ತಿಗೆ ಮುಂದಿನ ತಿರುವಿನಲ್ಲಿ ಜೈಬುವಿಗೆ ಪಕ್ಕೆ ಹಿಡಿದು ಅವಳೂ ಕೂತಿದ್ದಳು. ಮತ್ತೆ ಸಮ ಸಮ. ಈ ನಡುವೆ ನನ್ನ ಮೊಣಕಾಲು ಬೆಳಗ್ಗೆ ಏಳುವಾಗ ಕಟಕಟ ಎನ್ನತೊಡಗಿತ್ತು. ಇನ್ನು ಎಷ್ಟು ವರ್ಷ ಓಡಬಲ್ಲೆ? ಆಟದ ಮನೆ ತೆರೆಯುವ ಹೊತ್ತಿಗೆ ನಾನು ಕೋಲು ಹಿಡಿದಿರುತ್ತೇನೆ ಅನ್ನಿಸಿತು. ಒಂದು ಬೆಳಗ್ಗೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಸಮಿತಿಯ ಅಧ್ಯಕ್ಷರ ಮನೆಗೆ ಹೊರಟೆ.

ಅಧ್ಯಕ್ಷರು ವಕೀಲ ಗುರುಪಾದಪ್ಪ ಹಂಪಣ್ಣವರ. ಕೋರ್ಟಿಗೆ ಹೋಗುವುದನ್ನು ಬಿಟ್ಟಿದ್ದರೂ ಕರಿ ಕೋಟು ಬಿಟ್ಟಿರಲಿಲ್ಲ. ಪಡಸಾಲೆಯಲ್ಲಿ ಕೂತು ಅವಲಕ್ಕಿ ತಿನ್ನುತ್ತಿದ್ದರು.

‘ಸಾಹೇಬ್ರ, ಆಟದ ಮನಿ ಯಾವಾಗ ತೆಗೀತೀರಿ?’ ಎಂದೆ.

‘ಏನ್ ಮಾಡ್ಲಿ ಚಂಪಾವತಿ? ಸಮಿತಿಯೊಳಗ ಆರು ಮಂದಿ ಅದೀವಿ. ಮೂರು ಮಂದಿ ಮೊದಲಿನಂಗ ಹಂಚು ಹಾಕೋಣು ಅಂತಾರ. ಮೂರು ಮಂದಿ ಗಾಜಿನ ಸೂರು ಮಾಡೋಣು, ಬೆಳಕು ಬರ್ತೈತಿ ಅಂತಾರ. ಪ್ರತಿ ತಿಂಗಳು ಕೈ ಎತ್ತಸ್ತೀನಿ. ಮೂರು ಮೂರು.’

‘ಏಳನೇದವರನ್ನ ತಗೋಬೇಕಿತ್ತಲ್ರಿ?’

‘ತಗೊಂಡಿದ್ವಿ. ಸಭೆ ಅಂದ ದಿನಾ ಅವಗ ಚಳಿಜ್ವರ. ಕೈ ಎತ್ತೂದೂ ಒಂದು ಆಟನ ಅಲ್ಲೇನು, ಹ್ಯಾಂಗ ಗೆಲ್ತಾರ?’

ಆಟದ ಮನೆಯ ಅಂಗಳದಲ್ಲಿ ಹಂಚು ಅರ್ಧ ಸೂರಿಗಾಗುವಷ್ಟು ಬಂದು ಬಿದ್ದಿತ್ತು. ಗಾಜೂ ಅರ್ಧ ಸೂರಿಗಾಗುವಷ್ಟು ಬಂದು ಬಿದ್ದಿತ್ತು. ಎರಡರ ಮೇಲೂ ಹುಲ್ಲು ಬೆಳೆದಿತ್ತು. ಅದು ನೆನಪಾಗಿ ಕೇಳಿದೆ:

‘ಸಾಹೇಬ್ರ, ಆಟದ ಮನಿ ಅಂಗಳಾ ಕಸಾ ಹೊಡೀಬೇಕಂದ್ರ ಸಭೆ ಕರೀತೀರೇನ್ರಿ?’

‘ಅದಕ್ಯಾಕ ಸಭೆ?’

‘ಹಂಗಾದ್ರ ನಾ ನಾಳಿಂದ ಕಸಾ ಹೊಡೀತೀನ್ರಿ. ಕಸಾ ಹೊಡಿಯೂ ಮುಂದ ಹಂಚು ಅಡ್ಡ ಬಂದ್ರ ಎತ್ತಿ ಮ್ಯಾಲೆ ಇಡ್ತೀನಿ. ಗಾಜು ಅಡ್ಡ ಬಂದ್ರ ಅದನ್ನೂ ಎತ್ತಿ ಮ್ಯಾಲೆ ಇಡ್ತೀನಿ.’

ಹಂಪಣ್ಣವರ ಅವಲಕ್ಕಿಯ ಚಮಚ ಬಾಯಿಗೆ ಹೋಗುವುದನ್ನು ಮರೆತು ನಿಂತಿತು. ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ‘ಕಸಾ ಹೊಡಿಯಾಕ ನಾ ಯಾರನ್ನೂ ಬ್ಯಾಡ ಅಂದಿಲ್ಲ,’ ಎಂದರು. ‘ಕೀಲಿ ಅಲ್ಲೇ ಗೂಟಕ್ಕ ಐತಿ.’

ಶಾಲೆಯ ಗೋಡೆ ಕಟ್ಟಿದ ಗೌಂಡಿ ಯಮನೂರಪ್ಪ ನನಗೆ ಪರಿಚಯ. ಅವನನ್ನು ಕರೆತಂದು ಸೂರು ತೋರಿಸಿದೆ. ಅವನು ತಾಡಪತ್ರಿಯ ತೂತುಗಳಿಂದ ಆಕಾಶ ನೋಡಿ, ‘ತೊಲಿ ಗಟ್ಟಿ ಅದಾವ. ಅರ್ಧ ಹಂಚು, ಅರ್ಧ ಗಾಜು. ಚಂದ ಕಾಣೂದಿಲ್ಲ, ಸೋರೂದೂ ಇಲ್ಲ. ಆದ್ರ ಅಕ್ಕೋರ, ಒಳಗಿನ ಕಪಾಟು ನೋಡ್ರಿ, ಗೆದ್ದಲ ತಿಂದು ಜಾಳಿಗಿ ಮಾಡ್ಯಾವ. ಸಾಮಾನು ಎದರಾಗ ಇಡ್ತೀರಿ?’ ಎಂದ.

ಒಂದು ಕಪಾಟನ್ನು ಬೆರಳಿನಿಂದ ಒತ್ತಿದೆ. ಬೆರಳು ಒಳಗೆ ಹೋಯಿತು. ಗಾಜಿನ ಬಾಗಿಲಿನ ಕಪಾಟು ಮಾಡುವ ಬಡಗಿ ಕೆಲಸ ನಮ್ಮೂರಿನಲ್ಲಿ ಬಲ್ಲದ್ದು ಒಂದೇ ಮನೆ. ಜೈಬುನ್ನಿಸಾಳದು. ಅಪ್ಪ ತೀರಿಕೊಂಡ ಮೇಲೆ ಅಂಗಡಿ ಅವಳೇ ನಡೆಸುತ್ತಿದ್ದಳು.

ಅಂಗಡಿಗೆ ಹೋದಾಗ ಅವಳು ಒಂದು ಮಂಚದ ಕಾಲನ್ನು ಉಜ್ಜುಗೊರಡಿನಿಂದ ನಯಗೊಳಿಸುತ್ತಿದ್ದಳು. ಹುಬ್ಬಿನ ಮೇಲೆಲ್ಲ ಕಟ್ಟಿಗೆಯ ಪುಡಿ. ವಿಷಯ ಹೇಳಿದೆ. ಅವಳು ಕೈ ನಿಲ್ಲಿಸಲಿಲ್ಲ.

‘ನಾ ಮಾಡೂದಿಲ್ಲ ಚಂಪಿ.’

‘ಯಾಕ?’

‘ನಿನಗ ಗೊತ್ತಿಲ್ಲ. ಓಟದ ಹಿಂದಿನ ದಿನಾ ನನಗ ಅನ್ನಾ ಹೋಗ್ತಿರಲಿಲ್ಲ, ತಿಂದದ್ದೆಲ್ಲಾ ವಾಂತಿ ಮಾಡ್ತಿದ್ದೆ. ಅಪ್ಪ ಓಣಿ ತುಂಬ ಹೇಳ್ಕೋತ ತಿರಗ್ತಿದ್ರು, ನನ್ನ ಮಗಳನ್ನ ಯಾರು ಹಿಂದ ಹಾಕ್ತಾರ ನೋಡೋಣು ಅಂತ. ಗೆದ್ದಾಕಿಗೆ ಏನ್ ಸಿಗ್ತೈತಿ ಗೊತ್ತೈತೇನ? ಮುಂದಿನ ವರ್ಷ ಸೋತ್ರ ಏನು ಅನ್ನೂ ಹೆದರಿಕಿ. ಅಷ್ಟ. ಆಟದ ಮನಿ ಮುಚ್ಚಿದ ಮ್ಯಾಲೆ ನಾ ನಿದ್ದಿ ಮಾಡೀನಿ.’

‘ನಿನ್ನ ನಿದ್ದಿಗೆ ಊರಾಗಿನ ಮಂದಿ ಯಾರೂ ಗೆಲ್ಲಬಾರದೇನ?’

ಆಗ ಅವಳು ಉಜ್ಜುಗೊರಡು ಕೆಳಗಿಟ್ಟಳು. ‘ನೀ ಹೇಳು. ನೀ ಊರಿಗಾಗಿ ಓಡಾಡಾಕತ್ತೀ ಏನ? ಒಂದು ಸಲ ನನ್ನ ಹಿಂದ ಹಾಕಬೇಕು ನಿನಗ, ಅದಕ್ಕಽ. ನಿನ್ನೊಬ್ಬಾಕಿ ಹಠಕ್ಕ ಊರಾಗಿನ ಅರ್ಧ ಮಂದಿಗೆ ಸೋಲು ತರಾಕ ಹೊಂಟೀ.’

ಅವಳು ಹೇಳಿದ್ದು ನಿಜವಾಗಿತ್ತು. ಮನೆಗೆ ಬರುವ ದಾರಿಯುದ್ದಕ್ಕೂ ಕಿವಿ ಬಿಸಿಯಾಗಿತ್ತು. ಆದರೂ ಮರುದಿನ ಬೆಳಗ್ಗೆ ಹೋಗಿ ಹಂಚಿನ ಮೇಲಿನ ಹುಲ್ಲು ಕಿತ್ತೆ. ಹಠಕ್ಕೆ ಶುರುಮಾಡಿದ ಕೆಲಸವಾದರೂ ಕೆಲಸ ಕೆಲಸವೇ.

ಅದೇ ತಿಂಗಳು ನಮ್ಮ ಶಾಲೆಯ ಓಟದ ದಿನ ಬಂತು. ಗುರಿಯ ಹಗ್ಗ ಹಿಡಿಯಲು ಊರಿನ ಹಳೆಯ ಓಟಗಾರ್ತಿಯರನ್ನು ಕರೆಯುವುದು ಪದ್ಧತಿ. ಆ ಸಲದ ಸರದಿ ಜೈಬುವಿನದು. ಕೋಪವಿದ್ದರೂ ಬಂದಳು. ನಾವಿಬ್ಬರೂ ಮಾತಾಡದೆ ಹಗ್ಗದ ಎರಡು ತುದಿ ಹಿಡಿದು ನಿಂತೆವು.

ಹುಡುಗಿಯರು ತಿರುವು ದಾಟಿ ಕಾಣಿಸಿಕೊಂಡರು. ಯಾರೂ ಓಡುತ್ತಿರಲಿಲ್ಲ. ಹರಟೆ ಹೊಡೆಯುತ್ತಾ, ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿಕೊಂಡು, ಒಬ್ಬಳಂತೂ ಚುರುಮುರಿ ಪೊಟ್ಟಣ ಬಿಚ್ಚಿ ಎಲ್ಲರಿಗೂ ಹಂಚುತ್ತಾ ಬರುತ್ತಿದ್ದರು. ಎಲ್ಲರಿಗಿಂತ ಮುಂದೆ ಹುಲಿಗೆವ್ವ ಎಂಬ ಉದ್ದ ಕಾಲಿನ ಹುಡುಗಿ. ಅವಳು ನಡೆದರೂ ಉಳಿದವರು ಹಿಂದೆ ಬೀಳುತ್ತಿದ್ದರು. ಅವಳು ಹಗ್ಗದ ಹತ್ತಿರ ಬಂದು ನಿಂತು, ಹಿಂದಿರುಗಿ ನೋಡಿ, ಎಲ್ಲರೂ ಬರುವವರೆಗೆ ಉಗುರು ಕಚ್ಚುತ್ತಾ ಕಾದಳು.

‘ಯಾಕ ನಿಂತೀ?’ ಎಂದು ಜೈಬು ಕೇಳಿದಳು.

‘ಹ್ಯಾಂಗೂ ಎಲ್ಲಾರೂ ಕೂಡೇ ಮುಟ್ತೀವಲ್ರಿ.’

‘ನಿನಗ ಎಷ್ಟು ಜೋರು ಓಡಾಕ ಬರ್ತೈತಿ?’

ಹುಲಿಗೆವ್ವ ನಮ್ಮಿಬ್ಬರ ಮುಖವನ್ನೂ ನೋಡಿದಳು. ಪ್ರಶ್ನೆಯೇ ಅರ್ಥವಾಗದವಳ ಹಾಗೆ. ‘ಗೊತ್ತಿಲ್ರಿ,’ ಎಂದಳು.

ಹಗ್ಗ ಸಡಿಲವಾಯಿತು. ನೋಡಿದರೆ ಜೈಬು ತನ್ನ ತುದಿಯನ್ನು ಬಿಟ್ಟುಬಿಟ್ಟಿದ್ದಳು. ನಾನು ಆಟ ಕಲಿಸುವವಳು, ದಿನಾ ಇದೇ ಮಕ್ಕಳನ್ನು ನೋಡುತ್ತಿದ್ದವಳು. ನನ್ನ ಓಟದ ಚಿಂತೆಯಲ್ಲಿ ಇವರ ಓಟ ನಿಂತುಹೋದದ್ದನ್ನು ಕಂಡೂ ಕಂಡಿರಲಿಲ್ಲ.

ಮರುದಿನ ಬೆಳಗ್ಗೆ ನಾನು ಹೋಗುವಷ್ಟರಲ್ಲಿ ಆಟದ ಮನೆಯ ಬಾಗಿಲಲ್ಲಿ ಕೈಗಾಡಿ ನಿಂತಿತ್ತು, ಅದರ ತುಂಬ ಸಾಗವಾನಿ ಹಲಗೆ. ಜೈಬು ಅಳತೆ ಪಟ್ಟಿ ಹಿಡಿದು ಗೋಡೆ ಅಳೆಯುತ್ತಿದ್ದಳು.

‘ಹೆದರಿಕಿ ನನಗ ಇನ್ನೂ ಐತಿ,’ ಎಂದಳು, ತಿರುಗಿ ನೋಡದೆ. ‘ಆ ತುದಿ ಹಿಡಿ.’

ಆಮೇಲೆ ಕೆಲಸ ನಿಲ್ಲಲಿಲ್ಲ. ಶಾಲೆಗೆ ಮುಂಚೆ ಒಂದಿಷ್ಟು, ಶಾಲೆ ಬಿಟ್ಟ ಮೇಲೆ ಒಂದಿಷ್ಟು. ನಾನು ಗಾರೆ ಕಲಸುವುದನ್ನು ಕಲಿತೆ. ಅಂಗೈ ಬಿರಿದು ಸೀಮೆಸುಣ್ಣ ಹಿಡಿದರೂ ಉರಿಯುತ್ತಿತ್ತು. ಕಬಡ್ಡಿಯವರು ಬಂದರು, ಬಾಲ್ ಬ್ಯಾಡ್ಮಿಂಟನ್ನಿನವರು ಬಂದರು. ಬರದವರೂ ಇದ್ದರು. ‘ಊರು ತಣ್ಣಗಿತ್ತು, ನೀವು ಬೆಂಕಿ ಹಚ್ಚಾಕತ್ತೀರಿ’ ಎಂದು ಎದುರಿಗೇ ಹೇಳಿಹೋದರು. ಮಾಣಿಕಸಾ ನನ್ನನ್ನು ಕಂಡರೆ ಮುಖ ಆ ಕಡೆ ಮಾಡುತ್ತಿದ್ದರು. ಆದರೂ ಬಿಸಿಲೇರಿದಾಗ ಅವರ ಅಂಗಡಿಯಿಂದ ಒಂದು ತಟ್ಟೆ ಜಿಲೇಬಿ ಬಂದು ಮೆಟ್ಟಿಲ ಮೇಲೆ ಕೂತಿರುತ್ತಿತ್ತು.

ಹಂಚಿನ ಕಡೆ ಮುಗಿದು ಗಾಜಿನ ಕಡೆ ಶುರುವಾದ ದಿನ ಮಧ್ಯಾಹ್ನ ಗಾಳಿ ಎದ್ದಿತು. ಬೇಸಿಗೆಯ ಕೊನೆಯ ಸುಂಟರಗಾಳಿ. ತಾಡಪತ್ರಿ ಹಡಗಿನ ಹಾಯಿಯಂತೆ ಉಬ್ಬಿ ಕಟ್ಟು ಕಿತ್ತುಕೊಂಡಿತು. ಕೆಳಗೆ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿ ಸಾಮಾನು ಹರಡಿದ್ದೆವು. ಗೋಡೆಯ ತುದಿಯಲ್ಲಿ ಕೂತಿದ್ದ ಯಮನೂರಪ್ಪನ ಕೈಯಲ್ಲಿ ಆಳುದ್ದದ ಗಾಜು. ತಾಡಪತ್ರಿ ಬಡಿದರೆ ಗಾಜೂ ಇಲ್ಲ, ಅವನೂ ಇಲ್ಲ. ಸುದ್ದಿ ಕೇಳಿ ಸಮಿತಿಯ ಆರೂ ಮಂದಿ ಓಡಿಬಂದರು. ಹಂಚಿನವರು ಹಂಚಿನ ಕಡೆಯ ಹಗ್ಗ ಹಿಡಿದರು, ಗಾಜಿನವರು ಗಾಜಿನ ಕಡೆಯ ಹಗ್ಗ ಹಿಡಿದರು. ಬೈದಾಟ ಶುರುವಾಯಿತು.

ಮೇಲಿನಿಂದ ಯಮನೂರಪ್ಪ ಕೂಗಿದ: ‘ಬೈದಾಡಬ್ಯಾಡ್ರೀ, ಜಗ್ರಿ! ಆ ಕಡೆಯವ್ರು ಆ ಕಡೆ ಜಗ್ರಿ, ಈ ಕಡೆಯವ್ರು ಈ ಕಡೆ ಜಗ್ರಿ! ಹ್ಯಾಂಗೂ ಯಾರೂ ಗೆಲ್ಲೂದಿಲ್ಲ!’

ಎರಡೂ ಕಡೆಯವರು ಮೈಯಲ್ಲಿದ್ದ ಕಸುವನ್ನೆಲ್ಲ ಹಾಕಿ ಜಗ್ಗಿದರು. ವರ್ಷಗಟ್ಟಲೆ ಕೈ ಎತ್ತಿ ಎತ್ತಿ ತೀರದ ಸಿಟ್ಟನ್ನು ಆ ಹಗ್ಗದಲ್ಲಿ ತೀರಿಸಿಕೊಂಡರು. ಹಂಪಣ್ಣವರು ಜೀವಮಾನದಲ್ಲಿ ಮೊದಲ ಸಲ ಕರಿ ಕೋಟು ಬಿಚ್ಚಿ ಜೈಬುವಿನ ಕೈಗೆ ಕೊಟ್ಟು, ತಾವೂ ಹಗ್ಗಕ್ಕೆ ಬಿದ್ದರು. ತಾಡಪತ್ರಿ ಬಿಗಿಯಾಗಿ ನಿಂತಿತು. ಗಾಳಿ ಎಷ್ಟು ಹೊಡೆದರೂ ಆ ಕಡೆ ಒಂದು ಅಂಗುಲ ಹೋಗಲಿಲ್ಲ, ಈ ಕಡೆ ಒಂದು ಅಂಗುಲ ಬರಲಿಲ್ಲ. ಅದರ ನೆರಳಿನಲ್ಲಿ ಯಮನೂರಪ್ಪ ನಿಧಾನವಾಗಿ ಗಾಜು ಕೂರಿಸಿದ. ಗಾಳಿ ಇಳಿದಾಗ ಆರೂ ಮಂದಿ ನೆಲದ ಮೇಲೆ ಕೂತು ತಮ್ಮ ಕೆಂಪಾದ ಅಂಗೈ ನೋಡಿಕೊಳ್ಳುತ್ತಿದ್ದರು. ಸೂರಿನ ಮಾತು ಅವರಲ್ಲಿ ಯಾರೂ ಮತ್ತೆ ಎತ್ತಲಿಲ್ಲ.

ಕಂದಕದ ಓಟದ ದಿನವೇ ಬೆಳಗ್ಗೆ ಆಟದ ಮನೆ ತೆರೆಯಿತು. ಅರ್ಧ ಒಳಾಂಗಣಕ್ಕೆ ಹಂಚಿನ ತಂಪು ನೆರಳು, ಇನ್ನರ್ಧಕ್ಕೆ ಬಿಸಿಲು ಸುರಿಯುತ್ತಿತ್ತು. ಜೈಬು ಮಾಡಿದ ಕಪಾಟುಗಳಲ್ಲಿ ಗದೆ, ಸೀಟಿ, ಚೆಂಡು ಎಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತಿದ್ದವು. ಜನ ಒಳಗೆ ಕಾಲಿಡುತ್ತಿದ್ದಂತೆ ಹೊರಗೆ ಅಂಗಳದಲ್ಲಿ ಗೋಲಿ ಆಡುತ್ತಿದ್ದ ಯಾವುದೋ ಮಗು ‘ಗೆದ್ದೆ!’ ಎಂದು ಕಿರುಚಿತು. ಇನ್ನೊಂದು ಮಗು ಹೋ ಎಂದು ಅಳತೊಡಗಿತು. ಒಳಗಿದ್ದವರೆಲ್ಲ ಬಾಗಿಲ ಕಡೆ ತಿರುಗಿದರು. ಊರಿನಲ್ಲಿ ಅಂಥ ಅಳು ಕೇಳಿ ಎಷ್ಟೋ ಕಾಲವಾಗಿತ್ತು. ಯಾರೋ ಒಬ್ಬ ಮುದುಕರು, ‘ಬಂತು ನೋಡ್ರಿ,’ ಎಂದರು. ಸಂತೋಷವೋ ದುಃಖವೋ ತಿಳಿಯಲಿಲ್ಲ.

ಸಂಜೆಯ ಬಿಸಿಲಿನಲ್ಲಿ ನಾವು ಕಂದಕಕ್ಕೆ ಇಳಿದೆವು. ಶಾಲೆಯ ಹುಡುಗಿಯರು, ಗೃಹಿಣಿಯರು, ನಾನು, ಜೈಬು. ಅವಳ ತುಟಿ ಬಿಳಿಚಿಕೊಂಡಿತ್ತು. ‘ಅನ್ನಾ ಹೋಯ್ತೇನ?’ ಎಂದೆ. ‘ಇಲ್ಲ,’ ಎಂದಳು. ಸೀಟಿ ಕೇಳಿತು.

ಮೊದಲ ತಿರುವಿನವರೆಗೆ ಇಬ್ಬರೂ ಜೋಡಿಯಾಗಿ ಓಡಿದೆವು. ಎರಡನೆಯ ತಿರುವಿನಲ್ಲಿ ನಮ್ಮ ಪಕ್ಕದಿಂದ ಏನೋ ಹಾರಿಹೋದಂತಾಯಿತು. ಹುಲಿಗೆವ್ವ. ಆ ಉದ್ದ ಕಾಲುಗಳು ಯಾರನ್ನೂ ಕಾಯದೆ ಹೋದವು. ಧೂಳು ಇಳಿಯುವಷ್ಟರಲ್ಲಿ ಅವಳು ಕೊತ್ತಲದ ಆಚೆ ಮರೆಯಾಗಿದ್ದಳು. ಆಮೇಲೆ ನನಗೂ ಜೈಬುವಿಗೂ ಮಾತ್ರ ಓಟ. ಮೊಣಕಾಲು ಕಟಕಟ ಎನ್ನುತ್ತಿತ್ತು, ಬಿಡಲಿಲ್ಲ. ಉಸಿರು ಗಂಟಲಲ್ಲಿ ಸಿಕ್ಕಿಕೊಂಡಿತು, ಬಿಡಲಿಲ್ಲ. ಕಂದಕ ಹತ್ತುವ ಏರಿನಲ್ಲಿ ಅವಳ ತುರುಬು ನನ್ನ ಕಣ್ಣ ಮುಂದೆ ಬಂತು. ಒಂದು ಕೈಯಳತೆ. ಆಮೇಲೆ ಎರಡು. ನನ್ನ ಮೈಯಲ್ಲಿದ್ದದ್ದನ್ನೆಲ್ಲ ಕೊಟ್ಟೆ. ಆ ಬೆನ್ನು ಇನ್ನೂ ದೂರ ಹೋಯಿತು.

ಸೋತಿದ್ದೆ. ಅದೂ ಕೂದಲೆಳೆಯಲ್ಲಿ ಅಲ್ಲ, ಇಡೀ ಊರಿನ ಕಣ್ಣಿಗೆ ಕಾಣುವಂತೆ. ಸಮ ಸಮ ಎನ್ನುತ್ತಿದ್ದ ವರ್ಷಗಳಲ್ಲಿ ನಾನೇ ಮುಂದಿದ್ದೆನೇನೋ, ಗೊತ್ತಾಗುತ್ತಿಲ್ಲ ಅಷ್ಟೆ, ಎಂದು ಒಳಗೊಳಗೇ ನಂಬಿಕೊಂಡಿದ್ದೆ. ಹಾಗಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಅತ್ತೆ. ಅಳುವುದಕ್ಕೂ ಮೈ ಎಷ್ಟು ಹಸಿದಿತ್ತು ಎಂದರೆ, ಅಳು ನಿಂತ ಮೇಲೆ ಹಗುರವಾಗಿಬಿಟ್ಟೆ.

ಜೈಬು ಬಂದು ಪಕ್ಕದಲ್ಲಿ ಕೂತಳು.

‘ಸಿಟ್ಟು ಬಂತೇನ?’ ಎಂದಳು.

‘ಬಂತು.’

‘ನನಗೂ ಬಂತು. ಆ ಹುಡುಗಿ ಮ್ಯಾಲೆ.’ ಮೆಲ್ಲಗೆ ನಕ್ಕಳು. ‘ನಾ ಇವತ್ತ ಮೊದಲ್ನೇ ಸಲ ಸೋತೆ ಚಂಪಿ. ಇದಕ್ಕ ಅಷ್ಟು ಹೆದರಿದ್ನಲ್ಲ! ಹಸಿವಾಗಾಕತ್ತೈತಿ ನೋಡು. ಬಾ, ಜಿಲೇಬಿ ತಿನ್ನೋಣು.’

ಅಂಗಳದ ಇನ್ನೊಂದು ಬದಿಯಲ್ಲಿ ಮಾತ್ರ ನಗುವಿರಲಿಲ್ಲ. ಎಲ್ಲರಿಗಿಂತ ಕೊನೆಗೆ ಬಂದ ಶಿವಗಂಗಾ ಎಂಬ ಗಿಡ್ಡ ಹುಡುಗಿ ತಾಯಿಯ ಸೆರಗಿನಲ್ಲಿ ಮುಖ ಹುದುಗಿಸಿ ಬಿಕ್ಕುತ್ತಿದ್ದಳು. ತಾಯಿ ನನ್ನ ಮುಂದೆ ಬಂದು ನಿಂತಳು. ‘ಅಕ್ಕೋರ, ಎಷ್ಟು ಚಂದ ಇದ್ದ ಕೂಸು. ಇದನ್ನ ಮಾಡಾಕ ಆಟದ ಮನಿ ತೆಗದ್ರೇನ್ರಿ?’ ಎಂದಳು. ‘ನಾಳೆ ಬೆಳಗ್ಗೆ ಕಂದಕದಾಗ ಇರ್ತೀನ್ರಿ,’ ಎಂದಷ್ಟೇ ಹೇಳಿದೆ. ಅವಳು ಮಗಳನ್ನು ಎಳೆದುಕೊಂಡು ಹೊರಟುಹೋದಳು. ಆ ಸಂಜೆ ನಾನು ಜಿಲೇಬಿ ತಿನ್ನಲಿಲ್ಲ.

ಮರುದಿನ ಬೆಳಗ್ಗೆ ಬೇಗ ಎದ್ದೆ. ಮೊಣಕಾಲಿಗೆ ಎಣ್ಣೆ ತಿಕ್ಕಿ, ಪಟ್ಟಿ ಕಟ್ಟಿಕೊಂಡು ಕಂದಕಕ್ಕೆ ಇಳಿದೆ. ನನಗಿಂತ ಮೊದಲೇ ಅಲ್ಲಿ ಯಾರೋ ಇದ್ದರು. ಶಿವಗಂಗಾ. ಒಬ್ಬಳೇ. ಬರಿಗಾಲು, ಕಣ್ಣು ಇನ್ನೂ ಊದಿಕೊಂಡಿತ್ತು. ನನ್ನನ್ನು ನೋಡಿ ಎದ್ದು ನಿಂತಳು.

‘ಅವ್ವಗ ಹೇಳಿ ಬಂದಿಯೇನ?’ ಎಂದೆ.

‘ಹೇಳೀನ್ರಿ. ಬೈದ್ಲು. ಆಮ್ಯಾಲೆ ರೊಟ್ಟಿ ಕಟ್ಟಿ ಕೊಟ್ಲು.’

‘ಕಾಲು ನೋಯಾಕತ್ತಾವೇನ?’

‘ನೋಯಾಕತ್ತಾವ್ರಿ.’ ಅವಳು ಮೂಗು ಒರೆಸಿಕೊಂಡಳು. ‘ಅಕ್ಕೋರ, ನಿನ್ನೆ ನಾ ಎಲ್ಲಾರ ಬೆನ್ನೂ ನೋಡೀನ್ರಿ. ಒಬ್ಬೊಬ್ಬರದೂ. ಮೊದಲ ಯಾರ ಬೆನ್ನು ದಾಟ್ಲಿ ಅಂತ ಕೇಳಾಕ ಬಂದೀನ್ರಿ.’